ನ್ಯಾನೋ ಇಂಜೆಕ್ಷನ್ ಹಾಕಿಸಿದರೆ ಕ್ಯಾನ್ಸರ್ ಹರಡೋದು ನಿಲ್ಲುತ್ತದಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಅಮ್ಮನಿಗೆ 57 ವರ್ಷ. ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು, ಆಪರೇಷನ್ ಆಗಿದೆ. ಕಂಕುಳಿನ 3 ಗಂಟುಗಳಲ್ಲಿ ಕ್ಯಾನ್ಸರ್ ಇದೆ ಅಂತ ರಿಪೋರ್ಟ್ ಬಂದಿದೆ. ಇಆರ್ ಪಾಸಿಟಿವ್ (ಹಾರ್ಮೋನಿನಿಂದ ಬೆಳೆಯುವ ಬಗೆ), ಹರ್-2 ನೆಗೆಟಿವ್ (ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇಲ್ಲ). ಸ್ಕ್ಯಾನ್‌ನಲ್ಲಿ ಬೇರೆ ಎಲ್ಲೂ ಕಂಡಿಲ್ಲ. ಡಾಕ್ಟರು ಕೀಮೋ, ಆಮೇಲೆ ರೇಡಿಯೇಷನ್, ಆಮೇಲೆ ವರ್ಷಗಟ್ಟಲೆ ಮಾತ್ರೆ ಅಂದಿದ್ದಾರೆ. ಅಷ್ಟರಲ್ಲಿ ನಮ್ಮ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದರು. ನ್ಯಾನೋ ಔಷಧಿ ನೇರವಾಗಿ ಕ್ಯಾನ್ಸರ್ ಕಣಕ್ಕೇ ಹೋಗುತ್ತದಂತೆ, ಹರಡೋದನ್ನು ನಿಲ್ಲಿಸುತ್ತದಂತೆ, ಕೂದಲೂ ಉದುರಲ್ಲವಂತೆ. ಒಂದು ಕಡೆ ವಿಚಾರಿಸಿದ್ದಕ್ಕೆ ಲಕ್ಷಗಟ್ಟಲೆ ಹೇಳಿದರು. ಮೆಣಸು ಮಾರಿ ಹೇಗೋ ದುಡ್ಡು ಹೊಂದಿಸುತ್ತೇವೆ. ಕೀಮೋ ಬಿಟ್ಟು ಇದಕ್ಕೆ ಹೋಗೋಣವಾ? ಕಾಫಿ ಕೊಯ್ಲು ಮುಗಿಯುವವರೆಗೆ ಕಾಯಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೀಮೋ ಬಿಡಬೇಡಿ. ಕೊಯ್ಲಿಗೆ ಅಂತ ಕಾಯಲೂ ಬೇಡಿ. ನಿಮ್ಮ ಅಮ್ಮನ ಹಾಗೆ ಗಡ್ಡೆ ತೆಗೆಸಿಕೊಂಡು, ಬೇರೆ ಅಂಗಗಳಲ್ಲಿ ಏನೂ ಕಾಣಿಸದೆ, ಇನ್ನು ಮುಂದೆ ಹರಡದಿದ್ದರೆ ಸಾಕು ಅನ್ನುವ ಹಂತದಲ್ಲಿ ಇರುವವರಿಗೆ, ಕೀಮೋ ಮತ್ತು ಮಾತ್ರೆಗಳ ಜಾಗದಲ್ಲಿ ಕೊಡಬಹುದು ಅಂತ ಸಾಬೀತಾದ ನ್ಯಾನೋ ಔಷಧಿ ಇವತ್ತಿಗೆ ಒಂದೂ ಇಲ್ಲ. ಅದೇ ಕಾಯುವುದರಿಂದ ಆಗುವ ನಷ್ಟ ಮಾತ್ರ ಚೆನ್ನಾಗಿ ಗೊತ್ತಿರುವ ವಿಷಯ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಹಲವು ಬಗೆಯ ಕ್ಯಾನ್ಸರ್‌ಗಳನ್ನು ಸೇರಿಸಿ ನೋಡಿದಾಗ, ಚಿಕಿತ್ಸೆ 4 ವಾರ ತಡವಾದರೆ ಸಾವಿನ ಅಪಾಯ ಸುಮಾರು ಶೇ. 6ರಿಂದ 13ರಷ್ಟು ಏರುತ್ತದೆ ಅಂತ ಅದರಲ್ಲಿ ಕಂಡುಬಂತು. ಕೊಯ್ಲು ಅಂದರೆ ನವೆಂಬರ್‌ನಿಂದ ಫೆಬ್ರವರಿ ತನಕ ಎಳೆಯುತ್ತದೆ, ಅಲ್ವಾ? ಅಷ್ಟು ದಿನ ಸುಮ್ನೆ ಬಿಡುವ ಕಾಯಿಲೆ ಇದಲ್ಲ. ಆಳು ಸಿಗದ ಕಷ್ಟ ನನಗೆ ಗೊತ್ತು. ಹಾಸನದಲ್ಲಿ ಕೂತು ರೋಗಿಗಳನ್ನು ನೋಡುವವಳು ನಾನು, ಕೊಯ್ಲಿನ ಕಾರಣಕ್ಕೆ ತಪ್ಪಿದ ಕೀಮೋಗಳನ್ನು ಪ್ರತಿ ವರ್ಷ ನೋಡುತ್ತೇನೆ. ತೋಟದ ಕೆಲಸ ಅಣ್ಣತಮ್ಮಂದಿರೋ ಅಕ್ಕಪಕ್ಕದವರೋ ನೋಡಿಕೊಳ್ಳಲಿ. ಅಮ್ಮನ ತಾರೀಕು ಮಾತ್ರ ಮುಂದಕ್ಕೆ ಹೋಗಬಾರದು.

ಈಗ ನಿಮ್ಮ ಚಿಕ್ಕಪ್ಪನ ವಿಡಿಯೋಗೆ ಬರೋಣ. ಅದರಲ್ಲಿ ಹೇಳಿದ್ದೆಲ್ಲ ಪೂರ್ತಿ ಸುಳ್ಳೇನಲ್ಲ. ನಿಜವಾದ ವಿಜ್ಞಾನದ ಒಂದು ತುಂಡನ್ನು ತೆಗೆದುಕೊಂಡು, ಇನ್ನೂ ಆಗದೇ ಇರುವುದನ್ನು ಆಗಿದೆ ಅಂತ ಹೇಳಿದ್ದಾರೆ. ಹಾಗಾಗಿ ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಬಿಡಿಸಿ ಹೇಳಬೇಕು.

ನಮ್ಮ ಕಡೆ ನ್ಯಾನೋ ಅಂದರೆ ಈಗ ಸೊಸೈಟಿಯಲ್ಲಿ ಸಿಗುವ ಯೂರಿಯಾ ಬಾಟಲಿ ನೆನಪಾಗುತ್ತದೆ. ಔಷಧಿಯ ವಿಷಯದಲ್ಲಿ ಅದು ಬರೀ ಗಾತ್ರದ ಮಾತು. ಒಂದು ಮೀಟರಿನ 100 ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ಕೂದಲಿನ ದಪ್ಪ ಸುಮಾರು 80,000ದಿಂದ 1 ಲಕ್ಷ ನ್ಯಾನೋಮೀಟರ್. ರಕ್ತದ ಕೆಂಪು ಕಣ ಸುಮಾರು 7,000. ಕ್ಯಾನ್ಸರ್‌ಗೆ ಬಳಸುವ ನ್ಯಾನೋ ಕಣಗಳು ಹೆಚ್ಚಾಗಿ 100ರ ಆಸುಪಾಸು. ಕೊಬ್ಬಿನಿಂದಲೋ ಪ್ರೋಟೀನ್‌ನಿಂದಲೋ ಪಾಲಿಮರ್‌ನಿಂದಲೋ ಮಾಡಿದ ಇಂಥ ಕಣದೊಳಗೆ ತುಂಬುವುದು ಬಹುತೇಕ ಹಳೆಯ ಕೀಮೋ ಔಷಧಿಯನ್ನೇ. ಆದ್ದರಿಂದ ಯಾರಾದರೂ "ನ್ಯಾನೋ ಕೊಡುತ್ತೇವೆ" ಅಂದರೆ ಮೊದಲು ಕೇಳಬೇಕಾದ್ದು, ಒಳಗೆ ಯಾವ ಔಷಧಿ ಇದೆ ಅಂತ. ಅದಕ್ಕೆ ಹೆಸರು ಹೇಳದವರ ಹತ್ತಿರ ಮುಂದಿನ ಮಾತೇ ಬೇಡ.

ಇಂಥ ಔಷಧಿಗಳು ಹೊಸದಲ್ಲ. ಡಾಕ್ಸೊರುಬಿಸಿನ್ ಅಂತ ಕೆಂಪು ಬಣ್ಣದ ಕೀಮೋ ಇದೆ, ನಿಮ್ಮ ಅಮ್ಮನಿಗೂ ಬರಬಹುದು. ಅದು ಜಾಸ್ತಿಯಾದರೆ ಹೃದಯಕ್ಕೆ ಪೆಟ್ಟು. ಅದನ್ನೇ ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಇಟ್ಟು ಮಾಡಿದ ಡಾಕ್ಸಿಲ್‌ಗೆ ಅಮೆರಿಕ 1995ರಲ್ಲೇ ಒಪ್ಪಿಗೆ ಕೊಟ್ಟಿತು. ಹೃದಯಕ್ಕೆ ತೊಂದರೆ ಕಡಿಮೆಯಾಯಿತು, ಕೂದಲು ಉದುರೋದೂ ಕಡಿಮೆಯಾಯಿತು. ಬದಲಿಗೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ತೊಂದರೆ ಶುರುವಾಯಿತು. ನಮ್ಮ ದೇಶದ ಸನ್ ಫಾರ್ಮಾ ಇದೇ ಬಗೆಯ ಲಿಪೊಡಾಕ್ಸ್ ಮಾಡುತ್ತದೆ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ ಅವರು ಇದನ್ನೇ ಇಲ್ಲಿಂದ ತರಿಸಿಕೊಂಡರು. ಅಂದರೆ ಇದು ಯಾರೋ ಒಬ್ಬರ ಹತ್ತಿರ ಮಾತ್ರ ಸಿಗುವ ಗುಟ್ಟಿನ ಔಷಧಿಯಲ್ಲ.

ಇನ್ನೊಂದು ಪ್ಯಾಕ್ಲಿಟ್ಯಾಕ್ಸೆಲ್. ಇದು ನೀರಿನಲ್ಲಿ ಕರಗುವುದಿಲ್ಲ. ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕದಲ್ಲಿ ಕರಗಿಸಿ ಕೊಡುತ್ತಾರೆ. ಆ ದ್ರಾವಕ ಕೆಲವರಿಗೆ ಅಲರ್ಜಿ ಮಾಡುತ್ತದೆ, ಅದಕ್ಕೇ ಡ್ರಿಪ್‌ಗೆ ಮುಂಚೆ ಸ್ಟೀರಾಯ್ಡ್ ಕೊಡೋದು. ಈ ದ್ರಾವಕವನ್ನೇ ಬಿಟ್ಟು, ಅಲ್ಬುಮಿನ್ ಅನ್ನುವ ಪ್ರೋಟೀನ್‌ಗೆ ಔಷಧಿಯನ್ನು ಕಟ್ಟಿ, ಸುಮಾರು 130 ನ್ಯಾನೋಮೀಟರ್ ಕಣ ಮಾಡಿದ್ದು ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್. ಆಗಲೇ ಹರಡಿಬಿಟ್ಟ ಸ್ತನ ಕ್ಯಾನ್ಸರ್‌ಗೆ ಅಂತ 2005ರಲ್ಲಿ ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲೂ ಸಿಗುತ್ತದೆ. ನಿಮಗೆ ಲಕ್ಷ ಹೇಳಿದವರು ಬಹುಶಃ ಇದನ್ನೇ ಕೊಡುತ್ತಿರಬಹುದು, ಹೆಸರು ಕೇಳಿ ನೋಡಿ.

ಇದು ಸಾಮಾನ್ಯ ಪ್ಯಾಕ್ಲಿಟ್ಯಾಕ್ಸೆಲ್‌ಗಿಂತ ಮೇಲಾ? ನಿಮ್ಮ ಅಮ್ಮನ ಹಾಗೆ ಇನ್ನೂ ದೂರ ಹರಡದ ಹಂತದಲ್ಲಿ ಯುರೋಪಿನಲ್ಲಿ ಎರಡು ದೊಡ್ಡ ಪರೀಕ್ಷೆ ನಡೆದವು, ಎರಡರಲ್ಲೂ ಕೊಟ್ಟದ್ದು ಆಪರೇಷನ್‌ಗೆ ಮುಂಚೆ. ಜರ್ಮನಿಯದ್ದರಲ್ಲಿ ನ್ಯಾಬ್ ಪಡೆದವರಲ್ಲಿ ಶೇ. 38 ಜನರಿಗೆ ಗಡ್ಡೆ ಪೂರ್ತಿ ಕರಗಿತ್ತು, ಸಾಮಾನ್ಯದ್ದು ಪಡೆದವರಲ್ಲಿ ಶೇ. 29. ಇಟಲಿಯವರು ಮುಂದಾಗಿ ನಡೆಸಿದ ಇನ್ನೊಂದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕೈಕಾಲು ಜೋಮು ಹಿಡಿಯೋದು ನ್ಯಾಬ್‌ನಲ್ಲಿ ಜಾಸ್ತಿ. ಕೂದಲು ಎರಡರಲ್ಲೂ ಉದುರುತ್ತದೆ. ಸಕ್ಕರೆ ಕಾಯಿಲೆ ಇದ್ದು ಸ್ಟೀರಾಯ್ಡ್ ಕೊಡೋದು ಕಷ್ಟವಾದರೆ, ಅಥವಾ ಮೊದಲ ಡ್ರಿಪ್‌ನಲ್ಲೇ ಜೋರು ಅಲರ್ಜಿಯಾದರೆ, ನಾವೇ ನ್ಯಾಬ್‌ಗೆ ಬದಲಾಯಿಸುತ್ತೇವೆ. ಅಂಥ ಕಾರಣ ಇಲ್ಲದೆ ಮೆಣಸು ಮಾರಿ ಇದನ್ನು ಹಾಕಿಸಬೇಕಾಗಿಲ್ಲ. ವಾರಕ್ಕೊಮ್ಮೆ ಕೊಡುವ ಸಾಮಾನ್ಯ ಪ್ಯಾಕ್ಲಿಟ್ಯಾಕ್ಸೆಲ್ ಒಳ್ಳೆಯ ಔಷಧಿ. ಕಡಿಮೆ ಬೆಲೆಯದು ಅಂತ ಅದನ್ನು ಎರಡನೇ ದರ್ಜೆಯದು ಅಂದುಕೊಳ್ಳಬೇಡಿ.

ಗಮನಿಸಿ, ಇಲ್ಲಿಯವರೆಗೆ ಹೇಳಿದ್ದು ಅಡ್ಡ ಪರಿಣಾಮ ಕಡಿಮೆ ಮಾಡುವ, ಗಡ್ಡೆ ಕರಗಿಸುವ ಮಾತು. ನೀವು ಕೇಳಿದ್ದು ಹರಡೋದನ್ನು ತಡೆಯುವುದರ ಬಗ್ಗೆ. ಎರಡೂ ಒಂದೇ ಅಲ್ಲ. ವಿಡಿಯೋ ಮಾಡಿದವರು ಎಡವಿದ್ದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕ್ಯಾನ್ಸರ್ ಹರಡಬೇಕಾದರೆ ಒಂದು ಕಣ ಗಡ್ಡೆಯಿಂದ ಕಳಚಿಕೊಳ್ಳಬೇಕು, ರಕ್ತನಾಳದೊಳಗೋ ಲಿಂಫ್ ನಾಳದೊಳಗೋ ನುಗ್ಗಬೇಕು, ರಕ್ತದ ರಭಸ ತಡೆದುಕೊಳ್ಳಬೇಕು, ನಮ್ಮ ರೋಗನಿರೋಧಕ ಕಣಗಳ ಕೈಗೆ ಸಿಗದೆ ತಪ್ಪಿಸಿಕೊಳ್ಳಬೇಕು, ಎಲ್ಲೋ ಒಂದು ಅಂಗದಲ್ಲಿ ಹೊರಗೆ ಬಂದು ಕೂರಬೇಕು, ಕೂತ ಮೇಲೆ ಅಲ್ಲಿ ಬೆಳೆಯಬೇಕು. ಬಹುಪಾಲು ಕಣಗಳು ದಾರಿಯಲ್ಲೇ ಸಾಯುತ್ತವೆ. ರಕ್ತಕ್ಕೆ ಇಳಿದ 10,000 ಕಣಗಳಲ್ಲಿ ಒಂದು ಹೊಸ ಜಾಗದಲ್ಲಿ ಗಡ್ಡೆಯಾದರೆ ಅದೇ ಹೆಚ್ಚು. ಆದರೆ ಆ ಒಂದು ಸಾಕು. ಕ್ಯಾನ್ಸರ್‌ನಿಂದ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಮೊದಲ ಗಡ್ಡೆಯಿಂದಲ್ಲ, ಹೀಗೆ ಹರಡಿದ್ದರಿಂದ.

ಎಲ್ಲಿ ಹೋಗಿ ಕೂರುತ್ತದೆ ಅನ್ನೋದೂ ಸುಮ್ನೆ ಆಗುವುದಲ್ಲ. ಸ್ಟೀಫನ್ ಪ್ಯಾಜೆಟ್ ಅನ್ನುವ ಲಂಡನ್ನಿನ ಸರ್ಜನ್ 1889ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಹೆಂಗಸರ ದಾಖಲೆ ತೆಗೆದು ನೋಡಿದರು. ಕಾಯಿಲೆ ಕೆಲವು ಅಂಗಗಳಿಗೇ ಪದೇ ಪದೇ ಹೋಗಿತ್ತು, ಕೆಲವಕ್ಕೆ ಅಪರೂಪಕ್ಕೆ ಮಾತ್ರ ಹೋಗಿತ್ತು. ಬೀಜ ಎಲ್ಲ ಕಡೆಗೂ ಹಾರುತ್ತದೆ, ಹೊಂದುವ ಮಣ್ಣಿದ್ದಲ್ಲಿ ಮಾತ್ರ ಮೊಳೆಯುತ್ತದೆ ಅಂತ ಅವರು ಬರೆದರು. ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಜಿಲ್ಲೆಯಾದರೂ ಅರಸೀಕೆರೆಯಲ್ಲಿ ಬರುವ ತೆಂಗು ಬೇರೆ, ನಿಮ್ಮ ಸಕಲೇಶಪುರದ ಏಲಕ್ಕಿ ಬೇರೆ. ಏಲಕ್ಕಿಯನ್ನು ಅರಸೀಕೆರೆಯ ಬಿಸಿಲಿಗೆ ಹಾಕಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಸ್ತನ ಕ್ಯಾನ್ಸರ್‌ಗೆ ಒಗ್ಗುವ ಮಣ್ಣು ಅಂದರೆ ಮೂಳೆ, ಶ್ವಾಸಕೋಶ, ಲಿವರ್, ಮಿದುಳು. ಈ ಮಣ್ಣಿನ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಈಗ ನ್ಯಾನೋ ಕಣ ಗಡ್ಡೆಯನ್ನು ಹುಡುಕಿಕೊಂಡು ಹೋಗುವುದು ಹೇಗೆ ಅಂತ ನೋಡಿ. ನಿಜ ಹೇಳಬೇಕೆಂದರೆ ಅದು ಹುಡುಕುವುದಿಲ್ಲ. 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಒಂದು ವಿಷಯ ತೋರಿಸಿದರು. ಗಡ್ಡೆ ಅವಸರದಲ್ಲಿ ಬೆಳೆಸಿಕೊಂಡ ರಕ್ತನಾಳಗಳು ಸೋರುತ್ತವೆ. ದೊಡ್ಡ ಕಣಗಳು ಆರೋಗ್ಯವಾದ ನಾಳದಿಂದ ಹೊರಗೆ ಬರುವುದಿಲ್ಲ, ಗಡ್ಡೆಯ ನಾಳದ ಸಂದಿಯಲ್ಲಿ ಜಿನುಗಿ ಅಲ್ಲೇ ಉಳಿಯುತ್ತವೆ. ಮುಂದೆ ಬಂದ ಹೆಚ್ಚಿನ ನ್ಯಾನೋ ಔಷಧಿಗಳು ನಿಂತಿರುವುದು ಈ ಸೋರಿಕೆಯ ಮೇಲೆ. ಸರಿ. ಆದರೆ ನಿಮ್ಮ ಅಮ್ಮನ ಮೈಯಲ್ಲಿ ಈಗ ಅಂಥ ಗಡ್ಡೆಯೇ ಇಲ್ಲವಲ್ಲ, ತೆಗೆದಾಗಿದೆ! ಉಳಿದಿದ್ದರೆ ಅಲ್ಲೊಂದು ಇಲ್ಲೊಂದು ಬಿಡಿ ಕಣ, ಅಥವಾ ಸ್ಕ್ಯಾನ್‌ಗೂ ಕಾಣದ ಚಿಕ್ಕ ಗುಂಪು. ಗಡ್ಡೆ 1-2 ಮಿಲಿಮೀಟರ್ ದಾಟುವವರೆಗೆ ತನ್ನದೇ ರಕ್ತನಾಳ ಬೆಳೆಸಿಕೊಳ್ಳದೆಯೂ ಇರಬಲ್ಲದು ಅಂತ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಹೇಳಿದ್ದರು. ಸ್ವಂತ ನಾಳ ಇಲ್ಲದ ಮೇಲೆ ಸೋರಿಕೆ ಎಲ್ಲಿಂದ ಬರಬೇಕು? ದೊಡ್ಡ ಗಡ್ಡೆಗೆ ಅಂತ ಯೋಚಿಸಿ ಮಾಡಿದ ನ್ಯಾನೋ ಕಣ, ಹರಡೋದನ್ನು ತಡೆಯಬೇಕಾದ ಹೊತ್ತಿನಲ್ಲಿ ಕೆಲಸಕ್ಕೆ ಬರದೇ ಹೋಗುವುದು ಇದಕ್ಕೇ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತಿಳಿದುಕೊಳ್ಳಲೇಬೇಕಾದ್ದು ಇದು. ಮಾರಾಟದ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

"ನ್ಯಾನೋ ಕಣದ ಮೇಲೆ ಗುರುತು ಹಿಡಿಯುವ ಪ್ರೋಟೀನ್ ಅಂಟಿಸಿದ್ದಾರೆ, ಅದು ನೇರ ಕ್ಯಾನ್ಸರ್ ಕಣಕ್ಕೇ ಅಂಟುತ್ತದೆ" ಅಂತಲೂ ಹೇಳುತ್ತಾರೆ. ಆ ಪ್ರಯತ್ನ ನಿಜವಾಗಿ ನಡೆದಿದೆ. ಹರ್-2 ಅನ್ನು ಗುರಿಯಾಗಿಟ್ಟು ಡಾಕ್ಸೊರುಬಿಸಿನ್ ಗುಳ್ಳೆ ಮಾಡಿ, ಹರಡಿದ ಸ್ತನ ಕ್ಯಾನ್ಸರ್‌ನವರ ಮೇಲೆ ಪರೀಕ್ಷೆ ನಡೆಸಿದರು. ಉಪಯೋಗ ಕಾಣುವ ಲಕ್ಷಣ ಇಲ್ಲ ಅಂತ 2016ರಲ್ಲಿ ನಿಲ್ಲಿಸಿದರು. ಯಾಕೆ ಹೀಗಾಗುತ್ತದೆ ಅಂದರೆ, ನ್ಯಾನೋ ಕಣ ರಕ್ತಕ್ಕೆ ಬಿದ್ದ ಕೂಡಲೇ ರಕ್ತದ ಪ್ರೋಟೀನ್‌ಗಳು ಅದರ ಸುತ್ತ ಮೆತ್ತಿಕೊಳ್ಳುತ್ತವೆ, ಮೇಲೆ ಅಂಟಿಸಿದ ಗುರುತು ಮುಚ್ಚಿಹೋಗುತ್ತದೆ. ಲಿವರ್ ಮತ್ತು ಗುಲ್ಮದ ಕಣಗಳು ಇವನ್ನು ಹಿಡಿದು ನುಂಗಿಬಿಡುತ್ತವೆ, ಅವುಗಳ ಕೆಲಸವೇ ಅದು. ಟೊರೊಂಟೊದ ವಾರೆನ್ ಚಾನ್ ಅವರ ತಂಡ 2016ರಲ್ಲಿ 10 ವರ್ಷಗಳ ಸಂಶೋಧನೆಗಳನ್ನು ಒಟ್ಟು ಹಾಕಿ ಲೆಕ್ಕ ಹಾಕಿತು. ಪ್ರಾಣಿಗಳಿಗೆ ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಮಧ್ಯಮ ಲೆಕ್ಕದಲ್ಲಿ ಶೇ. 0.7 ಮಾತ್ರ. ನೂರರಲ್ಲಿ ಒಂದೂ ಅಲ್ಲ. ಲೆಕ್ಕ ಹಾಕಿದ ರೀತಿಯ ಬಗ್ಗೆ ಆಮೇಲೆ ವಾದ ನಡೆಯಿತು, ಆದರೂ "ನೇರವಾಗಿ ಕ್ಯಾನ್ಸರ್ ಕಣಕ್ಕೇ ಹೋಗುತ್ತದೆ" ಅನ್ನುವ ಮಾತಿಗೂ ಇದಕ್ಕೂ ಎಷ್ಟು ದೂರ ನೋಡಿ.

ಹಾಗಂತ ಸಂಶೋಧಕರು ಕೈಕಟ್ಟಿ ಕೂತಿಲ್ಲ. ನನಗೆ ಇದರಲ್ಲಿ ನಿಜವಾದ ಭರವಸೆ ಇದೆ, ಅದನ್ನೂ ಹೇಳಬೇಕು. ಗಡ್ಡೆಯ ನಾಳ ಸೋರುವುದನ್ನು ನಂಬಿಕೊಳ್ಳದೆ, ಹರಡುವ ದಾರಿಯ ಬೇರೆ ಬೇರೆ ಕಡೆ ಕಾಯುವ ಉಪಾಯಗಳು ಬರುತ್ತಿವೆ. ಒಂದು ಉಪಾಯ ರಕ್ತದಲ್ಲೇ ಹಿಡಿಯುವುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಕಿಂಗ್ ಅವರ ತಂಡ 2014ರಲ್ಲಿ ಒಂದು ಕೊಬ್ಬಿನ ಗುಳ್ಳೆ ಮಾಡಿತು. ಅದರ ಮೇಲೆ ಎರಡು ಪ್ರೋಟೀನ್. ಒಂದು ನಮ್ಮದೇ ಬಿಳಿ ರಕ್ತಕಣಕ್ಕೆ ಅಂಟಿಕೊಳ್ಳುತ್ತದೆ, ಇನ್ನೊಂದಕ್ಕೆ ಟ್ರೈಲ್ ಅಂತ ಹೆಸರು, ಕ್ಯಾನ್ಸರ್ ಕಣ ಮುಟ್ಟಿದರೆ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಬಿಳಿ ಕಣ ಹೇಗೂ ರಕ್ತದಲ್ಲಿ ಸುತ್ತುತ್ತಲೇ ಇರುತ್ತದೆ, ಎದುರಿಗೆ ಸಿಕ್ಕ ಕ್ಯಾನ್ಸರ್ ಕಣಕ್ಕೆ ತಾಗಿದರೆ ಮುಗಿಯಿತು. ಇಲಿಗಳಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡಿದೆ. ಔಷಧಿ ಗಡ್ಡೆಗೆ ತಲುಪಬೇಕು ಅನ್ನುವ ಗೋಜೇ ಇಲ್ಲದ ಕಾರಣ ಈ ಯೋಚನೆ ನನಗೆ ತುಂಬಾ ಇಷ್ಟ. ಆದರೆ ರೋಗಿಗಳಿಗೆ ಕೊಡುವ ಔಷಧಿಯಾಗಿ ಅದು ಇನ್ನೂ ಬಂದಿಲ್ಲ.

ಎರಡನೆಯದು ಮಣ್ಣಿನ ಕಡೆಯಿಂದ. ಕ್ಯಾನ್ಸರ್ ತಾನೇ ನ್ಯಾನೋ ಕಣ ಕಳಿಸುತ್ತದೆ ಅಂದರೆ ನಂಬುತ್ತೀರಾ? ಎಕ್ಸೋಸೋಮ್ ಅಂತ, ಸುಮಾರು 30ರಿಂದ 150 ನ್ಯಾನೋಮೀಟರ್ ಗಾತ್ರದ ಪೊಟ್ಟಣಗಳು. ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ತಂಡ 2015ರಲ್ಲಿ ತೋರಿಸಿದ್ದು ಇದನ್ನು: ಈ ಪೊಟ್ಟಣದ ಮೇಲಿರುವ ಇಂಟೆಗ್ರಿನ್ ಅನ್ನುವ ಪ್ರೋಟೀನ್ ಯಾವ ಬಗೆಯದು ಅನ್ನುವುದರ ಮೇಲೆ ಅದು ಶ್ವಾಸಕೋಶಕ್ಕೆ ಹೋಗುತ್ತದೋ ಲಿವರ್‌ಗೆ ಹೋಗುತ್ತದೋ ಅಂತ ತೀರ್ಮಾನವಾಗುತ್ತದೆ, ಮತ್ತು ಮೊದಲೇ ಹೋಗಿ ಅಲ್ಲಿನ ಜಾಗವನ್ನು ಕ್ಯಾನ್ಸರ್ ಕಣಕ್ಕೆ ಹದ ಮಾಡಿಡುತ್ತದೆ. ಪ್ಯಾಜೆಟ್ ಕಾಲದಲ್ಲಿ ಮಣ್ಣು ಇದ್ದ ಹಾಗೇ ಇರುತ್ತದೆ ಅಂದುಕೊಂಡಿದ್ದರು, ಈಗ ನೋಡಿದರೆ ಬೀಜ ಬೀಳುವ ಮೊದಲೇ ಉಳುಮೆ ಆಗಿರುತ್ತದೆ. ಈ ಹದ ಮಾಡುವುದನ್ನೇ ಕೆಡಿಸುವ ಕಣಗಳು, ಮೂಳೆಗೆ ಅಂಟುವ ಔಷಧಿಯನ್ನು ಹೊದ್ದು ಮೂಳೆಗೇ ಹೋಗುವ ಕಣಗಳು, ಎಲ್ಲವೂ ಲ್ಯಾಬ್‌ಗಳಲ್ಲಿ ನಡೆಯುತ್ತಿವೆ.

ಮೂರನೆಯದು ಮನುಷ್ಯರಲ್ಲೇ ಎಲ್ಲಕ್ಕಿಂತ ಮುಂದೆ ಬಂದಿದೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ ಕೇಳಿದ್ದೀರಿ. ಅದು ಕೊಬ್ಬಿನ ನ್ಯಾನೋ ಕಣದಲ್ಲಿ ಸುತ್ತಿಟ್ಟ ಲಸಿಕೆ. ಅದೇ ದಾರಿಯಲ್ಲಿ ಮಾಡೆರ್ನಾ ಮತ್ತು ಮರ್ಕ್ ಕಂಪನಿಗಳು ಪ್ರತಿ ರೋಗಿಯ ಗಡ್ಡೆಯ ಜೀನ್ ಓದಿ, ಆ ರೋಗಿಗೇ ಅಂತ ಒಂದು ಲಸಿಕೆ ಮಾಡುತ್ತವೆ. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಆಪರೇಷನ್ ಮಾಡಿಸಿಕೊಂಡ 157 ಜನರಲ್ಲಿ ಇದನ್ನು ನೋಡಿದರು. ಇಮ್ಯುನೋಥೆರಪಿ (ನಮ್ಮ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ) ಜೊತೆ ಈ ಲಸಿಕೆಯನ್ನೂ ಕೊಟ್ಟಾಗ, ಬರೀ ಇಮ್ಯುನೋಥೆರಪಿಗೆ ಹೋಲಿಸಿದರೆ, ಕಾಯಿಲೆ ಮರಳುವ ಅಥವಾ ಸಾಯುವ ಅಪಾಯ ಶೇ. 44ರಷ್ಟು ಕಡಿಮೆಯಾಯಿತು. ದೂರದ ಅಂಗಗಳಿಗೆ ಹರಡುವ ಅಪಾಯ ಅದಕ್ಕಿಂತಲೂ ಜಾಸ್ತಿ ಇಳಿಯಿತು. ಚಿಕ್ಕ ಪರೀಕ್ಷೆ, ಮೆಲನೋಮಕ್ಕೆ ಸಂಬಂಧಪಟ್ಟದ್ದು, ಹಾಗಾಗಿ ದೊಡ್ಡ ಪರೀಕ್ಷೆ ಶುರು ಮಾಡಿದ್ದಾರೆ. ನಿಮ್ಮ ಅಮ್ಮನ ಕ್ಯಾನ್ಸರ್‌ಗೆ ಇದು ಹೊಂದುತ್ತದೆ ಅಂತ ಇದರಿಂದ ಹೇಳಲಾಗದು. ಆದರೂ "ನ್ಯಾನೋ ಕಣದಿಂದ ಹರಡೋದು ಕಡಿಮೆಯಾಗುತ್ತದಾ" ಅನ್ನುವ ಪ್ರಶ್ನೆಗೆ ಮನುಷ್ಯರಿಂದ ಬಂದ ಹೌದು ಅನ್ನುವಂಥ ಸುಳಿವು ಯಾವುದಾದರೂ ಇದ್ದರೆ ಅದು ಇದೇ. ಇಲ್ಲಿ ಕಣ ಹುಡುಕಿಕೊಂಡು ಹೋಗಬೇಕಾಗಿಲ್ಲ, ನಮ್ಮ ರೋಗನಿರೋಧಕ ಕಣಗಳಿಗೆ ಕಲಿಸಿಕೊಟ್ಟರೆ ಅವು ಹೋಗುತ್ತವೆ.

ಇನ್ನೊಂದು ಎಚ್ಚರಿಕೆ. ನ್ಯಾನೋ ಚಿನ್ನ, ನ್ಯಾನೋ ಅರಿಶಿನ ಅಂತ ಪುಡಿ, ಹನಿ ಮಾರುವವರು ಇದ್ದಾರೆ. "ತಗೊಂಡರೆ ನಷ್ಟ ಏನು" ಅಂತ ಕೇಳುವವರು ನನ್ನ ಹತ್ತಿರವೂ ಬರುತ್ತಾರೆ. ಸಿಂಗಪುರದ ಸಂಶೋಧಕರು 2019ರಲ್ಲಿ, ಟೈಟಾನಿಯಂ ಡೈಆಕ್ಸೈಡ್, ಸಿಲಿಕಾ, ಚಿನ್ನ ಇವುಗಳ ಕೆಲವು ನ್ಯಾನೋ ಕಣಗಳು ರಕ್ತನಾಳದ ಗೋಡೆಯ ಕಣಗಳ ನಡುವೆ ಸಂದಿ ಮಾಡುತ್ತವೆ, ಅದರಿಂದ ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಹರಡುವುದು ಇನ್ನೂ ಸುಲಭವಾಯಿತು ಅಂತ ತೋರಿಸಿದರು. ಅದು ರಕ್ತಕ್ಕೆ ಕೊಟ್ಟ ಕಣ, ಬಾಯಿಂದ ತಿನ್ನುವುದು ಬೇರೆ, ಇಲಿ ಬೇರೆ ಮನುಷ್ಯ ಬೇರೆ, ಎಲ್ಲ ಒಪ್ಪುತ್ತೇನೆ. ಆದರೂ ಯಾವ ಗಾತ್ರ, ಯಾವ ವಸ್ತು, ಎಷ್ಟು ಅಂತ ಗೊತ್ತಿಲ್ಲದ ನ್ಯಾನೋ ಪುಡಿಯನ್ನು ಕ್ಯಾನ್ಸರ್ ಇರುವವರಿಗೆ ಕೊಡೋದು ಬೇಡವೇ ಬೇಡ. ಕೀಮೋ ನಡೆಯುವಾಗ ಲಿವರ್ ಮೇಲೆ ಮೊದಲೇ ಭಾರ ಇರುತ್ತದೆ.

ಹರಡೋದನ್ನು ತಡೆಯುವುದು ಅಂದರೆ ದುಬಾರಿ ತಂತ್ರಜ್ಞಾನವೇ ಆಗಬೇಕು ಅಂದುಕೊಂಡಿರುವವರಿಗೆ ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳಬೇಕು. ಮುಂಬೈನ ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಅವರ ನೇತೃತ್ವದಲ್ಲಿ ದೇಶದ 11 ಆಸ್ಪತ್ರೆಗಳಲ್ಲಿ ಸುಮಾರು 1,600 ಹೆಂಗಸರ ಮೇಲೆ ಒಂದು ಪರೀಕ್ಷೆ ನಡೆಯಿತು. ಸ್ತನದ ಆಪರೇಷನ್ ಶುರುವಾಗುವ ಸ್ವಲ್ಪ ಮುಂಚೆ ಅರ್ಧದಷ್ಟು ಜನರಿಗೆ ಗಡ್ಡೆಯ ಸುತ್ತ ಲಿಡೊಕೇಯ್ನ್ ಚುಚ್ಚಿದರು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಔಷಧಿ. 5 ವರ್ಷಕ್ಕೆ ಬದುಕಿದ್ದವರು ಲಿಡೊಕೇಯ್ನ್ ಗುಂಪಿನಲ್ಲಿ ಶೇ. 90.1, ಇನ್ನೊಂದರಲ್ಲಿ 86.4. ದೂರದ ಅಂಗಗಳಲ್ಲಿ ಮರಳಿದ್ದು 8.5, ಇನ್ನೊಂದರಲ್ಲಿ 11.6. ಖರ್ಚು 100 ರೂಪಾಯಿ ಒಳಗೆ. 2023ರಲ್ಲಿ ಪೂರ್ತಿ ವರದಿ ಬಂತು. ನಿಮ್ಮ ಅಮ್ಮನ ಆಪರೇಷನ್ ಆಗಿಹೋಗಿದೆ, ಈಗ ಇದರಿಂದ ಅವರಿಗೆ ಉಪಯೋಗ ಇಲ್ಲ. ಆದರೆ ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಸ್ತನದ ಆಪರೇಷನ್ ಇನ್ನೂ ಆಗಬೇಕಿದ್ದರೆ, ಸರ್ಜನ್ ಹತ್ತಿರ ಇದರ ಬಗ್ಗೆ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ನಿಮ್ಮ ಅಮ್ಮನಿಗೆ ಇವತ್ತು ಹರಡೋದನ್ನು ತಡೆಯುವುದು ಯಾವುದು? ನಿಮ್ಮ ಡಾಕ್ಟರು ಹೇಳಿದ್ದೇ. ಕೀಮೋ ಮಾಡುವ ಕೆಲಸ ಏನು ಅಂದುಕೊಂಡಿದ್ದೀರಿ? ಗಡ್ಡೆ ಹೋದ ಮೇಲೂ ಕೊಡುವುದು ಆ ಬಿಡಿ ಕಣಗಳಿಗಾಗಿಯೇ. ಆಮೇಲಿನ ಮಾತ್ರೆ, ಲೆಟ್ರೊಜೋಲ್ ಇರಬಹುದು, ಅನಾಸ್ಟ್ರೊಜೋಲ್ ಅಥವಾ ಟ್ಯಾಮೋಕ್ಸಿಫೆನ್ ಇರಬಹುದು, ನೋಡಲು ಚಿಕ್ಕದು, ಆದರೆ ಇಆರ್ ಪಾಸಿಟಿವ್ ಕ್ಯಾನ್ಸರ್‌ನಲ್ಲಿ ಅದೇ ದೊಡ್ಡ ಆಯುಧ. 5 ವರ್ಷ ಟ್ಯಾಮೋಕ್ಸಿಫೆನ್ ತೆಗೆದುಕೊಂಡವರಲ್ಲಿ ಮುಂದಿನ 15 ವರ್ಷದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಮುಟ್ಟು ನಿಂತವರಿಗೆ ಲೆಟ್ರೊಜೋಲ್ ಗುಂಪಿನ ಮಾತ್ರೆಗಳು ಇನ್ನೂ ಸ್ವಲ್ಪ ಮೇಲು. ಈ ಬಗೆಯ ಕ್ಯಾನ್ಸರ್ ಮೂಳೆಯ ಮಜ್ಜೆಯಲ್ಲಿ ನಿದ್ದೆ ಹೋದ ಹಾಗೆ ಕೂತು 10, 15, 20 ವರ್ಷದ ಮೇಲೂ ಏಳಬಲ್ಲದು, ಅದಕ್ಕೇ ಮಾತ್ರೆ ವರ್ಷಗಟ್ಟಲೆ. ಎರಡು ವರ್ಷ ಆದ ಮೇಲೆ "ಚೆನ್ನಾಗಿದ್ದೀನಲ್ಲ, ಇನ್ಯಾಕೆ" ಅಂತ ನಿಲ್ಲಿಸುವವರು ಬಹಳ ಜನ. ಕೀಲು ನೋವು ಬರುತ್ತದೆ, ಮೈ ಬಿಸಿಯಾಗುತ್ತದೆ, ನಿಜ. ನಿಲ್ಲಿಸುವ ಮುಂಚೆ ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಾಯಿಸಬಹುದು.

ನಿಮಗೆ ದುಡ್ಡು ಹೇಳಿದವರನ್ನು ಮತ್ತೆ ಮಾತಾಡಿಸುವುದಾದರೆ ಒಂದು ವಿಷಯ ತಿಳಿದಿರಲಿ. ಔಷಧಿಗೆ ಸರ್ಕಾರದ ಒಪ್ಪಿಗೆ ಇದ್ದರೆ ಅದರ ಹೆಸರು, ಯಾವ ಕ್ಯಾನ್ಸರ್‌ಗೆ ಒಪ್ಪಿಗೆ ಅನ್ನೋದು ಪ್ಯಾಕೆಟ್ ಮೇಲೆ, ಒಳಗಿನ ಚೀಟಿಯಲ್ಲಿ ಇರುತ್ತದೆ. "ಇದು ಹೊಸದು, ಇನ್ನೂ ಟ್ರಯಲ್‌ನಲ್ಲಿದೆ" ಅಂದರೆ ಅದಕ್ಕೆ ಸಿಟಿಆರ್‌ಐ (ದೇಶದ ಔಷಧಿ ಪರೀಕ್ಷೆಗಳ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಇರಲೇಬೇಕು, 2009ರಿಂದ ಅದು ಕಡ್ಡಾಯ, ಯಾರು ಬೇಕಾದರೂ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಬಹುದು. ಮತ್ತೆ ಟ್ರಯಲ್ ಅಂದ ಮೇಲೆ ಆ ಔಷಧಿಗೆ ರೋಗಿಯಿಂದ ದುಡ್ಡು ಕೇಳಬಾರದು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ನಿಯಮ ಇದೆ. ಟ್ರಯಲ್ ಅನ್ನುತ್ತಾರೆ, ಲಕ್ಷವೂ ಕೇಳುತ್ತಾರೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಮೆಣಸಿನ ದುಡ್ಡು ಓಡಾಟಕ್ಕೆ, ಊಟಕ್ಕೆ, ಅಮ್ಮನ ಜೊತೆ ಒಬ್ಬರು ಇರೋದಕ್ಕೆ ಬೇಕಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಮನೆಗೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೂ ಸರ್ಕಾರ ಗೊತ್ತು ಮಾಡಿದ ದರದ ಶೇ. 30 ಸಿಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲ ಕೀಮೋಗೆ ಮುಂಚೆಯೇ ಕಾಣಿ, ಆಮೇಲೆ ಅಲ್ಲ. ಎರಡನೇ ಅಭಿಪ್ರಾಯ ಬೇಕು ಅನ್ನಿಸಿದರೆ ಬೆಂಗಳೂರಿನ ಕಿದ್ವಾಯಿ ಇದೆ, ಹೋಗಿ ಬನ್ನಿ, ಆದರೆ ಕೀಮೋ ತಾರೀಕು ತಪ್ಪದ ಹಾಗೆ.

ಮುಂದಿನ ಸಲ ಹೋದಾಗ ಡಾಕ್ಟರ ಹತ್ತಿರ ಎರಡು ವಿಷಯ ಕೇಳಿ. ಒಂದು, ಗಡ್ಡೆ 5 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿತ್ತಾ, ಅಥವಾ ಗ್ರೇಡ್ 3 (ಬೇಗ ಬೆಳೆಯುವ ಬಗೆ) ಇತ್ತಾ ಅಂತ. ಎರಡರಲ್ಲಿ ಒಂದಾದರೂ ಹೌದಾದರೆ ಅಬೆಮಾಸಿಕ್ಲಿಬ್ ಅನ್ನುವ ಮಾತ್ರೆ ಅವರಿಗೆ ಹೊಂದುತ್ತದಾ ಅಂತ ವಿಚಾರಿಸಬಹುದು. ಬೆಲೆ ಜಾಸ್ತಿ, ಆದರೆ ಇದು ಸಾಬೀತಾದ ಔಷಧಿ, ಇದಕ್ಕೆ ಹಣ ಹೊಂದಿಸುವ ಯೋಚನೆ ಮಾಡಿದರೆ ಅರ್ಥ ಇದೆ. ಇನ್ನೊಂದು ಜೊಲೆಡ್ರೊನಿಕ್ ಆಸಿಡ್. ಮೇಲೆ ಮಣ್ಣಿನ ಮಾತು ಹೇಳಿದೆನಲ್ಲ, ಇದು ಆ ಮಣ್ಣಿಗೆ ಕೊಡುವ ಔಷಧಿ. ಮೂಳೆ ಗಟ್ಟಿ ಮಾಡಲು ಕೊಡುವ ಹಳೆಯ ಡ್ರಿಪ್, 6 ತಿಂಗಳಿಗೊಮ್ಮೆ. ಮುಟ್ಟು ನಿಂತವರಲ್ಲಿ ಈ ಗುಂಪಿನ ಔಷಧಿಗಳು ಮೂಳೆಗೆ ಹರಡುವುದನ್ನು ಸುಮಾರು ಶೇ. 28ರಷ್ಟು ಇಳಿಸುತ್ತವೆ ಅಂತ 2015ರ ದೊಡ್ಡ ವಿಶ್ಲೇಷಣೆಯಲ್ಲಿ ಬಂದಿದೆ. ನಿಮ್ಮ ಅಮ್ಮನಿಗೆ 57, ಮುಟ್ಟು ನಿಂತಿದ್ದರೆ ಕೇಳಲೇಬೇಕು. ಇದರಿಂದ ಅಪರೂಪಕ್ಕೆ ದವಡೆ ಮೂಳೆ ಕೊಳೆಯುವ ತೊಂದರೆ ಬರುತ್ತದೆ, ಅದೂ ಹೆಚ್ಚಾಗಿ ಹಲ್ಲು ಕೀಳಿಸಿದ ಮೇಲೆ. ಆದ್ದರಿಂದ ಹುಳುಕು ಹಲ್ಲು, ಕೀಳಿಸಬೇಕಾದ ಹಲ್ಲು ಇದ್ದರೆ ಡ್ರಿಪ್ ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ ಮುಗಿಸಿಕೊಳ್ಳಿ. ಕಿಡ್ನಿಯ ರಕ್ತ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ನೋಡಿಸಿ.